ಮೈಸೂರು ಗೆದ್ದಿದ್ದ ಕಾಲ

2023ನೆಯ ಇಸವಿ ಮಾರ್ಚ್ 4ರಂದು, ಸೌದಿ ಅರೇಬಿಯಾದ ರಿಯಾದ್ ನಗರದಲ್ಲಿ ಕರ್ನಾಟಕದ ಕಾಲ್ಚೆಂಡಿನ ತಂಡವು ಮೇಘಾಲಯವನ್ನು 3–2 ಗೋಲುಗಳಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದುಕೊಂಡಿತು. ಇದರ ಹಿಂದಿನ ಗೆಲುವು 1968–69ರದು. ನಡುವೆ ಐವತ್ತನಾಲ್ಕು ವರ್ಷಗಳು ಉರುಳಿದ್ದವು. ಆ ಹಳೆಯ ಗೆಲುವು ನಾನು ಹುಟ್ಟುವುದಕ್ಕಿಂತ ಹತ್ತು ವರ್ಷಗಳಿಗೂ ಮೊದಲಿನದು. ಅಂದಿನ ಲೋಕ ಎಂಥದಾಗಿತ್ತು ಎಂದು ಯೋಚಿಸುವುದು ಕೇವಲ ಕುತೂಹಲದ ಮಾತಲ್ಲ.

ಅಂದು ಗೆದ್ದ ತಂಡದ ಹೆಸರು ಮೈಸೂರು. ಕರ್ನಾಟಕವೆಂಬ ನಾಮಧೇಯ ರಾಜ್ಯಕ್ಕೆ ದೊರೆತದ್ದು 1973ರ ನವೆಂಬರ್ 1ರಂದು. 1968ರ ಡಿಸೆಂಬರಿನಲ್ಲಿ ಮನುಷ್ಯರು ಚಂದ್ರನನ್ನು ಸುತ್ತಿ ಬಂದಿದ್ದರು. ಅದರ ನೆಲವನ್ನು ಮೆಟ್ಟಿದ್ದು ಮರುವರ್ಷದ ಜುಲೈಯಲ್ಲಿ. ಅದೇ ಜುಲೈಯಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ನೆರೆದ ಕಾಂಗ್ರೆಸ್ ಸಮಿತಿಯ ಅಧಿವೇಶನದಲ್ಲಿ ಆ ಮಹಾಪಕ್ಷದ ಒಡಕು ಬಯಲಿಗೆ ಬಂತು. ಕುವೆಂಪು ಅವರ ಮೂಲಕ ಕನ್ನಡಕ್ಕೆ ಮೊದಲ ಜ್ಞಾನಪೀಠ ಬಂದಿದ್ದ ಸಂಭ್ರಮ ಇನ್ನೂ ಹೊಸದು. ಬಸವನಗುಡಿಯಲ್ಲಿ ಡಿ.ವಿ.ಜಿ., ಗವಿಪುರದಲ್ಲಿ ಮಾಸ್ತಿ ನಮ್ಮೊಡನಿದ್ದರು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಆದುದರಿಂದ ಆಟವನ್ನು ಕಾಣಬೇಕಾದವನು ಮೈದಾನಕ್ಕೇ ಹೋಗಬೇಕಾಗಿತ್ತು. 1971ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ ಸುಮಾರು ಹದಿನಾರೂವರೆ ಲಕ್ಷ; 2011ರಲ್ಲಿ ಅದು ಎಂಬತ್ತನಾಲ್ಕು ಲಕ್ಷ.

ಇವೆಲ್ಲಕ್ಕಿಂತ ವಿಚಿತ್ರವಾಗಿ ತೋರುವ ಸಂಗತಿ ಇನ್ನೊಂದಿದೆ. 1946–47, 1952–53, 1967–68, 1968–69 ಹೀಗೆ ನಾಲ್ಕು ಬಾರಿ ಮೈಸೂರು ಸಂತೋಷ್ ಟ್ರೋಫಿಯನ್ನು ಗೆದ್ದಿತ್ತು. ನಾಲ್ಕು ಬಾರಿಯೂ ಅಂತಿಮ ಪಂದ್ಯದಲ್ಲಿ ಮಣಿದದ್ದು ಬಲಿಷ್ಠ ಬಂಗಾಳ. ಆ ವೇಳೆಗೆ ಕ್ರಿಕೆಟ್ಟಿನ ರಣಜಿ ಟ್ರೋಫಿ ಮೈಸೂರಿಗೆ ಒಮ್ಮೆಯೂ ಒಲಿದಿರಲಿಲ್ಲ! ಅದು ಬಂದದ್ದು 1973–74ರಲ್ಲಿ. ಕಾಲ್ಚೆಂಡಿನಲ್ಲಿಯಾದರೋ 1975–76ರ ಅಂತಿಮ ಪಂದ್ಯದಲ್ಲಿ ಅದೇ ಬಂಗಾಳಕ್ಕೆ ಸೋತೆವು. ಒಂದು ದಶಕದೊಳಗೆ ನಾಡಿನ ಅಭಿಮಾನ ಒಂದು ಆಟದಿಂದ ಇನ್ನೊಂದಕ್ಕೆ ಮನೆ ಬದಲಾಯಿಸಿತ್ತು.

ಗೆಲುವು ಸೋಲುಗಳು ಆಟಕ್ಕೆ ಸಹಜ. ಆದರೆ ಗೆದ್ದವರನ್ನು ಮರೆಯುವುದು ಸಹಜವೆ? ರಿಯಾದಿನ ಸುದ್ದಿ ಬಂದ ವಾರದಲ್ಲಿ ತರಗತಿಯಲ್ಲಿ, ಹಿಂದೆ ಗೆದ್ದ ತಂಡದ ಒಬ್ಬ ಆಟಗಾರನನ್ನು ಹೆಸರಿಸಬಲ್ಲಿರಾ ಎಂದು ಕೇಳಿದೆ. ಅರುವತ್ತು ವಿದ್ಯಾರ್ಥಿಗಳು ಸುಮ್ಮನಿದ್ದರು. ಅವರನ್ನು ದೂರಲಾರೆ. ನಮ್ಮ ಬೆಂಗಳೂರು ಬಹುಕಾಲ ಎರಡು ಊರಾಗಿತ್ತು. ಪೇಟೆ ಮತ್ತು ದಂಡುಗಳ ಆಡಳಿತ ಒಂದಾದದ್ದು 1949ರಲ್ಲಿ ಮಾತ್ರ. ಮನಸ್ಸುಗಳು ಅಷ್ಟು ಬೇಗ ಒಂದಾಗಲಿಲ್ಲ. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳಲ್ಲಿ ಪುಸ್ತಕ, ಪರಿಷತ್ತು, ಸಂಗೀತಸಭೆಗಳು ಬೆಳೆದವು. ಕಾಲ್ಚೆಂಡು ಬೆಳೆದದ್ದು ಹೆಚ್ಚಾಗಿ ಹಲಸೂರಿನ ಗೌತಮಪುರ, ಆಸ್ಟಿನ್ ಟೌನ್‌ಗಳಂಥ ಬಡಾವಣೆಗಳಲ್ಲಿ, ತಮಿಳು, ಉರ್ದು, ತೆಲುಗು ಮಾತನಾಡುವ ದುಡಿಯುವ ಜನರ ನಡುವೆ. ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಭಾರತದ ಏಕೈಕ ಗೋಲನ್ನು ಹೊಡೆದ ಸಾರಂಗಪಾಣಿ ರಾಮನ್ ಈ ಊರಿನವರು. ಇಷ್ಟೆಲ್ಲ ನಡೆದರೂ ನಮ್ಮ ಕನ್ನಡದ ಗೋಷ್ಠಿಗಳಲ್ಲಿ ಇದರ ಮಾತು ಕೇಳಿಬರುವುದು ತೀರ ಅಪರೂಪ. ಅವರು ಮೈಸೂರಿನ ಹೆಸರಿಗಾಗಿ ಆಡಿದರು. ಮೈಸೂರಿನ ಭಾಷೆ ಅವರನ್ನು ತನ್ನವರೆಂದು ಕರೆಯುವುದರಲ್ಲಿ ಹಿಂದೆ ಬಿತ್ತು.

ನಾಡೆಂಬುದು ಒಂದು ಭಾಷೆಯನ್ನು ಮನೆಯಲ್ಲಿ ಆಡುವವರದಷ್ಟೇ ಅಲ್ಲ, ಅದರ ಹೆಸರಿಗಾಗಿ ಬೆವರು ಸುರಿಸಿದವರದೂ ಹೌದು ಎಂಬುದನ್ನು ಒಪ್ಪಲೇಬೇಕು. 1969ರಲ್ಲಿ ಇಪ್ಪತ್ತೈದರ ತರುಣನಾಗಿದ್ದವನಿಗೆ ಈಗ ಎಂಬತ್ತು ದಾಟಿದೆ. ಕಾಲಾವಕಾಶ ಹೆಚ್ಚಿಲ್ಲ. ಜಾನಪದವನ್ನು ಸಂಗ್ರಹಿಸಲು ವಿದ್ಯಾರ್ಥಿಗಳನ್ನು ಹಳ್ಳಿಗೆ ಕಳುಹಿಸುವ ನಮ್ಮ ಕನ್ನಡ ವಿಭಾಗಗಳು ಒಂದು ವರ್ಷ ಅವರನ್ನು ಗೌತಮಪುರಕ್ಕೂ ಕಳುಹಿಸಲಿ. ಅಲ್ಲಿಯ ಹಿರಿಯರು ಯಾವ ನುಡಿಯಲ್ಲಿ ಹೇಳಿದರೂ ಸರಿಯೆ. ಕೇಳಿದ್ದನ್ನು ನಮ್ಮ ಹುಡುಗರು ಕನ್ನಡದಲ್ಲಿ ಬರೆದಿಡಲಿ.