ಮೀಟರು ಹೇಳುವುದು ಅರ್ಧ ಸತ್ಯ

"ಮಾಷ್ಟ್ರೇ, 2015ರ ಗಾಡಿ, ಓಡಿದ್ದು ಬರೀ 19 ಸಾವಿರ ಕಿಲೋಮೀಟರು. ಹೊಸತೇ ಅಲ್ವಾ?"

ನಮ್ಮ ಶಾಲೆಯಲ್ಲಿ ಕಲಿತ ಹುಡುಗನೊಬ್ಬ 2025ರಲ್ಲಿ ಹೀಗೆನ್ನುತ್ತಾ ಕೆಂಪು ಪೋಲೋ ಜಿಟಿ ಟಿಎಸ್‌ಐ ತಂದು ನಮ್ಮ ಅಂಗಳದಲ್ಲಿ ನಿಲ್ಲಿಸಿದ. ನೋಡಲು ಸಣ್ಣ ಕಾರು, ಆದರೆ 1.2 ಲೀಟರಿನ ಟರ್ಬೊ ಎಂಜಿನು, 105 ಕುದುರೆ ಶಕ್ತಿ. ಸ್ಪೋರ್ಟ್ಸ್ ಕಾರಿನ ಹುಚ್ಚಿರುವ ನಮ್ಮ ಕಾಸರಗೋಡಿನ ಹುಡುಗರಿಗೆ ಕೈಗೆಟಕುವ ಕನಸು ಅದು. ಮೊದಲ ಯಜಮಾನರು ಗಲ್ಫಿನಲ್ಲಿದ್ದವರು. ರಜೆಗೆ ಬಂದಾಗ ಒಂದು ತಿಂಗಳು ಓಡಿಸುವುದು, ಉಳಿದ ಹನ್ನೊಂದು ತಿಂಗಳು ಗಾಡಿ ಶೆಡ್ಡಿನಲ್ಲಿ. ನಮ್ಮೂರ ಕಡೆ ಇಂಥ ಗಾಡಿಗಳಿಗೆ ಬರವಿಲ್ಲ.

ಹುಡುಗ ಮೊದಲು ಮಾಡಿದ ಖರ್ಚು ಯಾವುದಕ್ಕೆ? ಹೊಸ ಅಲಾಯ್ ಚಕ್ರ, ಸ್ಟಿಕ್ಕರು, ಸ್ಪೀಕರು. ನಂತರ ಒಂದು ಭಾನುವಾರ ನಮ್ಮನ್ನೂ ಕೂರಿಸಿಕೊಂಡು ಮಡಿಕೇರಿಗೆ ಹೋದ. ವಾಪಸು ಸಂಪಾಜೆ ಘಾಟಿ ಇಳಿಯುವಾಗ ತಿರುವು ತಿರುವಿಗೂ ಬ್ರೇಕು. ಅರ್ಧ ಇಳಿದಿರಬಹುದು, ಪೆಡಲು ಸ್ಪಂಜಿನಂತೆ ಒಳಗೆ ಹೋಯಿತು! ಪುಣ್ಯಕ್ಕೆ ಗೇರು ಇಳಿಸಿ ನಿಧಾನ ಮಾಡಿ ಬದಿಗೆ ನಿಲ್ಲಿಸಿದ. ಅರ್ಧ ಗಂಟೆ ತಣಿದ ಮೇಲೆ ಪೆಡಲು ಮತ್ತೆ ಗಟ್ಟಿ. ನಮ್ಮ ಎದೆ ಮಾತ್ರ ಜಾಲ್ಸೂರು ದಾಟುವವರೆಗೂ ಹೊಡೆದುಕೊಳ್ಳುತ್ತಿತ್ತು.

ಇದು ಕಾರಿನ ದೋಷವಲ್ಲ. ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್ 4 ಎಣ್ಣೆ ಕುದಿಯಬೇಕಾದರೆ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. ಅದರಲ್ಲಿ ಶೇಕಡಾ 3.7ರಷ್ಟು ನೀರು ಸೇರಿದರೆ 155 ಡಿಗ್ರಿಗೇ ಕುದಿಯಬಹುದು. ಕುದಿದರೆ ಆವಿ, ಆವಿಯನ್ನು ಒತ್ತಿದರೆ ಅದು ಕುಗ್ಗುತ್ತದೆ, ಬ್ರೇಕು ಹಿಡಿಯುವುದಿಲ್ಲ. ಏಳನೇ ಕ್ಲಾಸಿನ ವಿಜ್ಞಾನವೇ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದ ಆ ಎಣ್ಣೆ ನಮ್ಮ ಎಷ್ಟೋ ಮಳೆಗಾಲಗಳ ತೇವ ಕುಡಿದು ಕುಳಿತಿತ್ತು.

ನಮ್ಮ ಅಭಿಪ್ರಾಯ ಇಷ್ಟೇ: ಮೀಟರು ಶಾಲೆಯ ಹಾಜರಿ ಪುಸ್ತಕದ ಹಾಗೆ. ಎಷ್ಟು ದಿನ ಬಂದ ಎಂದು ಹೇಳುತ್ತದೆ, ಮನೆಯಲ್ಲಿದ್ದ ದಿನ ಏನಾಯಿತು ಎಂದು ಹೇಳುವುದಿಲ್ಲ. ಕಡಿಮೆ ಓಡಿದ ಗಾಡಿ ಕೊಂಡರೆ ಮೊದಲ ದುಡ್ಡು ವಯಸ್ಸಾದ ಭಾಗಗಳಿಗೆ ಹೋಗಲಿ, ಅಲಂಕಾರ ಆಮೇಲೆ.

ಬ್ರೇಕಿನ ಎಣ್ಣೆ ಮೊದಲು. ಎರಡನೆಯದು ಟಯರು. ಅದರ ಬದಿಯಲ್ಲಿ ಡಾಟ್ ಎಂಬ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. ಈ ಕಾರಿನಲ್ಲಿ 1815 ಎಂದಿತ್ತು. ಅಂದರೆ 2015ರ 18ನೇ ವಾರ. ಗೀರು ಆಳವಾಗಿಯೇ ಇತ್ತು, ರಬ್ಬರು ಮಾತ್ರ ಒಣಗಿ ಸಣ್ಣಗೆ ಬಿರಿದಿತ್ತು. ಹೊಸ ಚಕ್ರ ಹಾಕಿಸಿದವ ಅದೇ ಹಳೆ ಟಯರು ಏರಿಸಿದ್ದ! ಹತ್ತು ವರ್ಷ ದಾಟಿದ ಟಯರು ಎಷ್ಟೇ ಚೆಂದ ಕಂಡರೂ ಬೇಡ.

ಮೂರನೆಯದು ಎಂಜಿನ್ ಆಯಿಲು ಮತ್ತು ಫಿಲ್ಟರು. ಓಡಲಿ ಬಿಡಲಿ, ವರ್ಷಕ್ಕೊಮ್ಮೆ ಬದಲಿಸಬೇಕು. ಟರ್ಬೊದ ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತುತ್ತದೆ, ಅದನ್ನು ಕಾಯುವುದು ಈ ಆಯಿಲೇ. ಕೈಪಿಡಿಯಲ್ಲಿ ಹೇಳಿದ ದರ್ಜೆಯದ್ದನ್ನೇ ಹಾಕಿಸಿ. ಕೂಲೆಂಟು, ಬ್ಯಾಟರಿ, ರಬ್ಬರಿನ ಪೈಪುಗಳನ್ನೂ ನೋಡಿಸಿ. ಟೈಮಿಂಗ್ ಬೆಲ್ಟ್ ಇರುವ ಗಾಡಿಯಾದರೆ ಅದಕ್ಕೆ ಕಿಲೋಮೀಟರಿನಂತೆ ವರ್ಷದ ಲೆಕ್ಕವೂ ಇರಬಹುದು. ಬಾನೆಟ್ಟಿನ ಕೆಳಗೆ ಇಲಿ ವಯರು ಕಡಿದಿದೆಯೇ ಎಂಬುದನ್ನು ಶೆಡ್ಡಿನ ಗಾಡಿಯಲ್ಲಿ ಮರೆಯಲೇಬಾರದು.

"ಸರಿ ಇರುವುದನ್ನು ಯಾಕೆ ಬಿಚ್ಚಿಸಬೇಕು?" ಎನ್ನುವವರಿದ್ದಾರೆ. ಒಪ್ಪುತ್ತೇವೆ, ಎಂಜಿನು ಬಿಚ್ಚುವುದು ಬೇಡ. ನಾವು ಹೇಳುವುದು ಕುಳಿತಲ್ಲೇ ಹಳತಾಗುವ ವಸ್ತುಗಳನ್ನು ಮಾತ್ರ. ಗಾಡಿಯ ಬೆಲೆಯಲ್ಲಿ ಹತ್ತರಲ್ಲೊಂದು ಪಾಲನ್ನು ಮೊದಲೇ ಇದಕ್ಕೆಂದು ತೆಗೆದಿಡಿ. ಅಷ್ಟು ಉಳಿಯದಿದ್ದರೆ ಆ ಗಾಡಿ ನಮ್ಮ ಕೈಗೆಟಕುವುದಲ್ಲ ಎಂದೇ ತಿಳಿಯಿರಿ.

ಆ ಸೋಮವಾರ ಮಕ್ಕಳನ್ನು ಶಾಲೆಯ ಗೇಟಿನ ಬಳಿ ನಿಂತಿದ್ದ ಗಾಡಿಗಳ ಹತ್ತಿರ ಕರೆದುಕೊಂಡು ಹೋಗಿ ಟಯರಿನ ಅಂಕಿ ಓದಿಸಿದೆವು. ಐದೇ ನಿಮಿಷದಲ್ಲಿ ಕಲಿತರು. ಒಬ್ಬಳು ನಮ್ಮ ಸ್ಕೂಟರಿನ ಟಯರು ಓದಿ, "ಸಾರ್, ನಿಮ್ಮದೂ ಹಳತು" ಎಂದಳು. ಆ ವಾರವೇ ಬದಲಿಸಿದೆವು.