ಹೃದಯಕ್ಕೆ ಸಿಗುವ ಇಂಜೆಕ್ಷನ್ ಮೆದುಳಿಗೆ ಯಾಕಿಲ್ಲ?

ಲಕ್ವ ಹೊಡೆದವರನ್ನು ತಡವಾಗಿ ಕರೆತರುತ್ತೀರಿ ಎಂದು ಡಾಕ್ಟರು ನಮ್ಮನ್ನು ಬೈಯುತ್ತಾರೆ. ಒಪ್ಪಿದೆವು. ನಮ್ಮೂರಲ್ಲಿ ಈಗಲೂ ಪಾರಿವಾಳದ ರಕ್ತ ಹಚ್ಚುವವರಿದ್ದಾರೆ, ನಾಟಿ ಔಷಧಿ ಅಂತ ಎರಡು ದಿನ ಕಳೆಯುವವರಿದ್ದಾರೆ. ಆದರೆ ತಕ್ಷಣ 108ಕ್ಕೆ ಫೋನ್ ಮಾಡಿದವರ ಗತಿ ಏನು?

ಮೆದುಳಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪನ್ನು ಕರಗಿಸುವ ಇಂಜೆಕ್ಷನ್ ಇದೆ. ಬಾಯಿ ಸೊಟ್ಟಗಾಗಿ, ಕೈ ಸೋತು, ಮಾತು ತೊದಲಿದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಬೇಗ ಕೊಟ್ಟಷ್ಟೂ ಒಳ್ಳೆಯದು. ಅದಕ್ಕೂ ಮೊದಲು ಸಿ.ಟಿ. ಸ್ಕ್ಯಾನ್ ಆಗಲೇಬೇಕು. ಯಾಕೆಂದರೆ ಕೆಲವರಿಗೆ ಲಕ್ವ ಬರುವುದು ಹೆಪ್ಪಿನಿಂದಲ್ಲ, ರಕ್ತನಾಳ ಒಡೆದು. ಅವರಿಗೆ ಇದೇ ಇಂಜೆಕ್ಷನ್ ಚುಚ್ಚಿದರೆ ಜೀವಕ್ಕೇ ಅಪಾಯ.

ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಆ ಮೆಷಿನ್ನೇ ಇಲ್ಲ. ಜಿಲ್ಲಾಸ್ಪತ್ರೆಗೆ ಚೀಟಿ ಬರೆದುಕೊಡುತ್ತಾರೆ. ದಾರಿಯಲ್ಲೇ ಹೊತ್ತು ಮುಗಿಯುತ್ತದೆ.

ಹೃದಯಾಘಾತವಾದರೆ, ಪುನೀತ್ ರಾಜಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ತಾಲ್ಲೂಕು ಆಸ್ಪತ್ರೆಗಳಲ್ಲೇ ಉಚಿತ. ಒಳ್ಳೆಯ ಕೆಲಸ, ಸುಮ್ಮನೆ ಹೊಗಳುತ್ತಿಲ್ಲ. ಲಕ್ವಕ್ಕೂ ಅದೇ ಔಷಧಿ ಆಗುತ್ತದೆ, ಪ್ರಮಾಣ ಬೇರೆ. ಅಂದರೆ ಔಷಧಿ ತಾಲ್ಲೂಕಿನವರೆಗೆ ಬಂದಾಯಿತು, ಬಾರದಿರುವುದು ಸ್ಕ್ಯಾನ್. ಇಸಿಜಿ ಕಳಿಸಿ ದೊಡ್ಡ ಡಾಕ್ಟರನ್ನು ಕೇಳಬಹುದಾದರೆ ಸ್ಕ್ಯಾನ್ ಚಿತ್ರವನ್ನೂ ಕಳಿಸಿ ಕೇಳಬಹುದಲ್ಲ?

ಶಾಸಕರು ಮುಂದಿನ ಸಲ ಆಸ್ಪತ್ರೆಗೆ ಹಣ್ಣು ಹಂಚಲು ಬಂದಾಗ ನಾವು ಕೇಳುವುದು ಇದೊಂದೇ: ಸಿ.ಟಿ. ಮೆಷಿನ್ ಯಾವಾಗ? ಅಲ್ಲಿಯವರೆಗೆ, ಮನೆಯವರು ಚೆನ್ನಾಗಿದ್ದುದನ್ನು ಕಡೇ ಸಲ ನೋಡಿದ್ದು ಎಷ್ಟು ಗಂಟೆಗೆ ಅಂತ ನೆನಪಿಟ್ಟುಕೊಳ್ಳಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರ ಹೋಗೋಣ ಎಂದು 108ರವರನ್ನು ಕೇಳಿ.