ಹಳೆಯ ಕಾರಿಗೆ ಹೊಸ ಸೈಲೆನ್ಸರ್

ಮಾವನವರ ಕಾಲದ ಪದ್ಮಿನಿ ಕಾರೊಂದು ಮನೆಯಲ್ಲಿದೆ. ಸೈಲೆನ್ಸರ್ ತುಕ್ಕು ಹಿಡಿದು ಉದುರಿದೆ. ಕಂಪೆನಿಯ ಮಾಲು ಈಗ ಸಿಗುವುದಿಲ್ಲ. ಗುಡುಗಿನಂತೆ ಸದ್ದು ಮಾಡುವ ಪೈಪ್ ಹಾಕಿಸೋಣ ಎನ್ನುತ್ತಾನೆ ಮಗ. ಯಾವುದಾದರೂ ಅಗ್ಗದ್ದು ಸಾಕು ಎನ್ನುತ್ತಾರೆ ಮನೆಯವರು. "ಇದರಲ್ಲಿ ನಾನು ಹೇಳುವುದೇನಿದೆ?" ಎಂದು ಸಹೋದರಿಯೊಬ್ಬರು ಕೇಳಿದ್ದಾರೆ.

ಬಹಳಷ್ಟಿದೆ ಸಹೋದರಿ. ಯಾಕೆಂದರೆ ಈ ಕೆಲಸ ಕೆಟ್ಟರೆ ಅದರ ಫಲ ಉಣ್ಣುವವರು ಸ್ಟಿಯರಿಂಗ್ ಹಿಡಿದವರಿಗಿಂತ ಮೊದಲು ಹಿಂದಿನ ಸೀಟಿನಲ್ಲಿ ಕುಳಿತವರು. ಅಲ್ಲಿ ಕುಳಿತಿರುವವರು ಯಾರು? ನೀವು, ನಿಮ್ಮ ಮಕ್ಕಳು, ವಯಸ್ಸಾದ ಅತ್ತೆ.

ಮೊದಲು ಕಾರಿನ ಬಗ್ಗೆ ಎರಡು ಮಾತು. ಇಟಲಿಯ ಫಿಯೆಟ್ 1100 ಮಾದರಿಯನ್ನು ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪೆನಿ ತಯಾರಿಸುತ್ತಿತ್ತು. 1970ರ ದಶಕದಲ್ಲಿ ಅದಕ್ಕೆ ಪದ್ಮಿನಿ ಎಂಬ ಹೆಸರು ಬಂತು. 2000ದ ಸುಮಾರಿಗೆ ತಯಾರಿಕೆ ನಿಂತಿತು. ಮುಂಬೈಯ ಕಪ್ಪು ಹಳದಿ ಟ್ಯಾಕ್ಸಿಗಳಾಗಿ ಉಳಿದಿದ್ದ ಕೊನೆಯ ಕೆಲವು ಪದ್ಮಿನಿಗಳೂ 2023ರ ಅಕ್ಟೋಬರ್‌ನಲ್ಲಿ ರಸ್ತೆಯಿಂದ ಸರಿದವು. ಅದರ ಜೊತೆಗಾರ ಅಂಬಾಸಿಡರ್ ಇನ್ನೂ ಸ್ವಲ್ಪ ಕಾಲ ಬಾಳಿ 2014ರಲ್ಲಿ ನಿಂತುಹೋಯಿತು. ಹೀಗಾಗಿ ಈ ಕಾರುಗಳನ್ನು ಇಟ್ಟುಕೊಂಡವರಿಗೆ ಈಗ ಉಳಿದಿರುವುದು ಹೊರಗಿನ ಕಾರ್ಖಾನೆಗಳಲ್ಲಿ ತಯಾರಾದ ಸೈಲೆನ್ಸರ್, ಇಲ್ಲವೇ ಅಳತೆ ಕೊಟ್ಟು ಮಾಡಿಸಿಕೊಳ್ಳುವ ಸೈಲೆನ್ಸರ್. ಹಾಗೆ ಹಾಕಿಸುವುದು ತಪ್ಪಲ್ಲ. ಸರಿಯಾಗಿ ಹಾಕಿಸಿದರೆ ಅದು ಹಳೆಯದಕ್ಕಿಂತ ಹೆಚ್ಚು ಬಾಳಿಕೆಯೂ ಬರಬಹುದು.

ಕಾರಿನ ಅಡಿಯಲ್ಲಿ ಏನಿದೆ ಎಂದು ಒಮ್ಮೆ ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಿ. ಇಂಜಿನ್‌ನ ಪಕ್ಕಕ್ಕೆ ಬಿಗಿದ ಕಬ್ಬಿಣದ ಎರಕದ ಭಾಗವೇ ಮ್ಯಾನಿಫೋಲ್ಡ್. ನಾಲ್ಕೂ ಸಿಲಿಂಡರ್‌ಗಳ ಹೊಗೆ ಅಲ್ಲಿ ಒಂದಾಗುತ್ತದೆ. ಅಲ್ಲಿಂದ ಪೈಪೊಂದು ಕೆಳಗಿಳಿದು ಹಿಂದಕ್ಕೆ ಸಾಗುತ್ತದೆ. ನಡುವೆ ಡಬ್ಬಿಯಂತಹ ಸೈಲೆನ್ಸರ್. ಅದರ ನಂತರ ಹಿಂದಿನ ಆಕ್ಸಲ್‌ನ ಬಳಿ ಹಾದು ಹೊರಬರುವ ಬಾಲದ ಪೈಪು. ಸೈಲೆನ್ಸರ್‌ನೊಳಗೆ ಕೋಣೆಗಳೂ ತೂತು ತೂತಾದ ಕೊಳವೆಗಳೂ ಇರುತ್ತವೆ. ಹೊಗೆಯ ಹೊಡೆತ ಅಲ್ಲಿ ಸುತ್ತಿ ಬಳಸಿ ಮೆತ್ತಗಾಗುತ್ತದೆ. ಕೆಲವದರಲ್ಲಿ ಗಾಜಿನ ಹತ್ತಿಯನ್ನು ತುಂಬಿರುತ್ತಾರೆ. ಆ ಹತ್ತಿ ದಿನ ಕಳೆದಂತೆ ಸುಟ್ಟು ಹಾರಿಹೋಗುತ್ತದೆ. ಹಾಕಿಸಿದ ದಿನ ಮೆತ್ತಗಿದ್ದ ಶಬ್ದ ವರ್ಷದೊಳಗೆ ಜೋರಾಗುವುದು ಇದೇ ಕಾರಣಕ್ಕೆ.

ಹಳೆಯದು ಯಾಕೆ ಕೊಳೆಯಿತು? ಮಳೆ ನೀರಿನಿಂದ ಎಂದುಕೊಳ್ಳುತ್ತೇವೆ. ಅರ್ಧ ಸತ್ಯ ಅಷ್ಟೇ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು ಒಂದು ಲೀಟರ್‌ನಷ್ಟು ನೀರು ಹಬೆಯಾಗಿ ಹುಟ್ಟುತ್ತದೆ! ದೂರ ಓಡಿಸಿದರೆ ಪೈಪು ಚೆನ್ನಾಗಿ ಕಾದು ಆ ಹಬೆ ಹೊರಗೆ ಹೋಗುತ್ತದೆ. ಮಕ್ಕಳನ್ನು ಶಾಲೆಗೆ ಬಿಟ್ಟು, ಮೀನು ಮಾರುಕಟ್ಟೆಗೆ ಹೋಗಿ ಹತ್ತು ನಿಮಿಷದಲ್ಲಿ ಮರಳಿದರೆ ಅದು ತಣ್ಣನೆಯ ಸೈಲೆನ್ಸರ್‌ನೊಳಗೇ ನೀರಾಗಿ ನಿಲ್ಲುತ್ತದೆ. ಹೊಗೆಯ ಆಮ್ಲದ ಅಂಶವೂ ಸೇರಿ ತಗಡು ಒಳಗಿನಿಂದ ಹೊರಗೆ ಕೊರೆಯಲ್ಪಡುತ್ತದೆ. ಹೊರಗೆ ಬಣ್ಣ ಬಳಿದರೆ ಪ್ರಯೋಜನವಿಲ್ಲ ಎಂದು ಇದರಿಂದಲೇ ತಿಳಿಯುತ್ತದೆ. ಸೈಲೆನ್ಸರ್‌ನ ತಗ್ಗಿನ ಭಾಗದಲ್ಲಿ ಸಣ್ಣ ತೂತೊಂದು ಇದ್ದರೆ ನೀರು ಅಲ್ಲಿಂದ ಜಿನುಗಿ ಹೋಗಲಿ ಎಂದು ಬಿಟ್ಟಿರುವುದು. ಅದನ್ನು ಸೋರಿಕೆ ಎಂದು ಭಾವಿಸಿ ವೆಲ್ಡ್ ಮಾಡಿಸಬೇಡಿ.

ಇನ್ನು ಯಾವ ಲೋಹದ್ದನ್ನು ಕೊಳ್ಳಬೇಕು? ಸಾದಾ ಕಬ್ಬಿಣದ ತಗಡಿನದು ಅಗ್ಗ, ಆದರೆ ಕರಾವಳಿಯ ಉಪ್ಪು ಗಾಳಿಗೆ ಬೇಗ ಸೋಲುತ್ತದೆ. ಅಲ್ಯೂಮಿನಿಯಂ ಲೇಪಿಸಿದ ತಗಡು ಅದಕ್ಕಿಂತ ಮೇಲು. ಸ್ಟೇನ್‌ಲೆಸ್ ಸ್ಟೀಲ್ ಎಲ್ಲಕ್ಕಿಂತ ಬಾಳಿಕೆ ಬರುವುದು, ಬೆಲೆಯೂ ಹಾಗೆಯೇ. ಅಡಿಗೆಮನೆಯ ಪಾತ್ರೆಗೆ ಅಯಸ್ಕಾಂತ ಹಿಡಿದು ನೋಡುವ ಅಭ್ಯಾಸ ನಮಗಿದೆಯಷ್ಟೆ. ಸೈಲೆನ್ಸರ್‌ಗೆ ಆ ಪರೀಕ್ಷೆ ಸಾಲದು. ಪಾತ್ರೆಗಳಿಗೆ ಬಳಸುವ 304 ದರ್ಜೆಗೆ ಅಯಸ್ಕಾಂತ ಅಷ್ಟಾಗಿ ಅಂಟುವುದಿಲ್ಲ. ಸೈಲೆನ್ಸರ್‌ಗಳಿಗೆ ಹೆಚ್ಚಾಗಿ ಬಳಸುವ 409 ದರ್ಜೆಗೆ ಅಂಟುತ್ತದೆ. ಅದೂ ಸ್ಟೇನ್‌ಲೆಸ್ ಸ್ಟೀಲೇ. ಆದ್ದರಿಂದ ಯಾವ ದರ್ಜೆಯದು ಎಂದು ಕೇಳಿ ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ನನ್ನ ಅಭಿಪ್ರಾಯದಲ್ಲಿ ಲೋಹಕ್ಕಿಂತಲೂ ಮುಖ್ಯವಾದುದು ಅದನ್ನು ತೂಗುಹಾಕುವ ರೀತಿ. ಹೊರಗಿನ ಸೈಲೆನ್ಸರ್ ತಂದಾಗ ಅದರ ಕೊಕ್ಕೆಗಳು ಕಾರಿನ ಅಡಿಯಲ್ಲಿರುವ ಜಾಗಕ್ಕೆ ಸರಿಯಾಗಿ ಹೊಂದುವುದೇ ಅಪರೂಪ. ಆಗ ಅವಸರದ ಕೈಗಳು ಮಾಡುವುದೇನು? ಪೈಪನ್ನು ಎಳೆದು, ಬಗ್ಗಿಸಿ, ಒಂದು ಕಬ್ಬಿಣದ ಪಟ್ಟಿಯಿಂದ ನೇರವಾಗಿ ಬಾಡಿಗೆ ವೆಲ್ಡ್ ಮಾಡಿಬಿಡುವುದು. ನೋಡಲು ಭದ್ರ. ಆದರೆ ಇಂಜಿನ್ ತನ್ನ ರಬ್ಬರ್ ಮೌಂಟಿಂಗ್‌ಗಳ ಮೇಲೆ ಕುಳಿತು ಸದಾ ಅಲುಗಾಡುತ್ತಿರುತ್ತದೆ. ಅದಕ್ಕೆ ಬಿಗಿದ ಪೈಪೂ ಅಲುಗಬೇಕು. ಜೊತೆಗೆ ಕಾದಾಗ ಲೋಹ ಉದ್ದವಾಗುತ್ತದೆ. ಎರಡು ಮೀಟರ್ ಉದ್ದದ ಕಬ್ಬಿಣದ ಪೈಪು 300 ಡಿಗ್ರಿಯಷ್ಟು ಬಿಸಿಯೇರಿದರೆ ಸುಮಾರು 7 ಮಿಲಿಮೀಟರ್ ಬೆಳೆಯುತ್ತದೆ. 304 ದರ್ಜೆಯ ಸ್ಟೀಲಾದರೆ 10 ಮಿಲಿಮೀಟರ್. ಎರಡೂ ತುದಿಗಳನ್ನು ಕಟ್ಟಿಹಾಕಿದರೆ ಆ ಬೆಳವಣಿಗೆ ಎಲ್ಲಿಗೆ ಹೋಗಬೇಕು? ಬೆಸುಗೆ ಸೀಳುತ್ತದೆ, ಇಲ್ಲವೇ ಮ್ಯಾನಿಫೋಲ್ಡ್ ಬಿರುಕು ಬಿಡುತ್ತದೆ. ಎರಕದ ಹಳೆಯ ಮ್ಯಾನಿಫೋಲ್ಡ್ ಒಡೆದರೆ ಇನ್ನೊಂದನ್ನು ಹುಡುಕುವ ಕಷ್ಟ, ಹಳೆಯ ಕಾರಿಟ್ಟವರಿಗೇ ಗೊತ್ತು.

ಆದ್ದರಿಂದ ಪೈಪು ರಬ್ಬರ್ ಬುಶ್‌ಗಳ ಮೇಲೆಯೇ ತೂಗಬೇಕು. ಕೊಕ್ಕೆ ಹೊಂದದಿದ್ದರೆ ಕೊಕ್ಕೆಯನ್ನೇ ಹೊಸದಾಗಿ ಮಾಡಿಸಬೇಕೇ ಹೊರತು ಪೈಪನ್ನು ಬಲವಂತದಿಂದ ಎಳೆಯಬಾರದು. ತಿಳಿದ ಮೆಕ್ಯಾನಿಕ್ ಮೊದಲು ಎಲ್ಲವನ್ನೂ ಸಡಿಲವಾಗಿ ತೂಗುಹಾಕುತ್ತಾನೆ. ಮ್ಯಾನಿಫೋಲ್ಡ್‌ನ ಜಾಯಿಂಟಿಗೆ ಹೊಸ ಪ್ಯಾಕಿಂಗ್ ಇಡುತ್ತಾನೆ. ಹಳೆಯದನ್ನೇ ಮತ್ತೆ ಹಾಕಿದರೆ ಅದು ಸೋರಿಯೇ ಸೋರುತ್ತದೆ. ಪೈಪು ಎಲ್ಲಿಯೂ ತಾಗದೆ ನೇರವಾಗಿ ನಿಂತಿದೆ ಎಂದು ನೋಡಿದ ಮೇಲೆ ಮುಂದಿನಿಂದ ಹಿಂದಕ್ಕೆ ಒಂದೊಂದೇ ಕ್ಲ್ಯಾಂಪನ್ನು ಬಿಗಿಯುತ್ತಾ ಬರುತ್ತಾನೆ. ತುಕ್ಕು ಹಿಡಿದ ಹಳೆಯ ನಟ್ಟುಗಳನ್ನು ಬಿಚ್ಚುವ ಹಿಂದಿನ ದಿನವೇ ಎಣ್ಣೆ ಬಿಟ್ಟಿಡುತ್ತಾನೆ. ಬಲವಂತ ಮಾಡಿದರೆ ಬೋಲ್ಟು ಮ್ಯಾನಿಫೋಲ್ಡ್‌ನೊಳಗೇ ಮುರಿದು ಉಳಿಯುತ್ತದೆ.

ಕಾರು ಖಾಲಿಯಿದ್ದಾಗ ತಾಗದ ಪೈಪು ಮನೆ ಮಂದಿಯೆಲ್ಲ ಹತ್ತಿದಾಗ ತಾಗಬಹುದು! ಹಿಂದಿನ ಪ್ಲೇಟುಗಳು ತಗ್ಗಿದಾಗ ಆಕ್ಸಲ್ ಮತ್ತು ಬಾಡಿಯ ನಡುವಿನ ಅಂತರ ಕಡಿಮೆಯಾಗುತ್ತದೆ. ಆದ್ದರಿಂದ ಗ್ಯಾರೇಜಿನಲ್ಲೇ ಇಬ್ಬರು ಮೂವರನ್ನು ಹಿಂದೆ ಕೂರಿಸಿ ನೋಡಬೇಕು. ಪೆಟ್ರೋಲ್ ಹೋಗುವ ಕೊಳವೆಯಿಂದ ಪೈಪು ಕನಿಷ್ಠ 35 ಮಿಲಿಮೀಟರ್ ದೂರವಿರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಅದಕ್ಕಿಂತ ಹೆಚ್ಚು ಬಿಟ್ಟರೆ ಇನ್ನೂ ಒಳ್ಳೆಯದು. ಪೆಟ್ರೋಲ್ ಟ್ಯಾಂಕ್ ಹಿಂದೆಯೇ ಇರುವ ಕಾರುಗಳಿವು. ಅದರ ಬಳಿ ವೆಲ್ಡಿಂಗ್ ಮಾಡುವುದಾದರೆ ಪೈಪನ್ನು ಗುರುತು ಹಾಕಿ ಕೆಳಗಿಳಿಸಿ, ದೂರ ಒಯ್ದು ಮಾಡಲಿ. ಕಾರಿನಡಿಯಲ್ಲೇ ಮಾಡುವುದು ಬೇಡ.

ಇಷ್ಟೆಲ್ಲಾ ಎಚ್ಚರಿಕೆ ಯಾಕೆ? ಈಗ ಹಿಂದಿನ ಸೀಟಿನ ಮಾತಿಗೆ ಬರೋಣ. ಪೆಟ್ರೋಲ್ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲವಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಹೀಗೆ ಆಮ್ಲಜನಕಕ್ಕೆ ಜಾಗವಿಲ್ಲದಂತಾಗುತ್ತದೆ. ಹೊಸ ಕಾರುಗಳಲ್ಲಿ ಈ ಅನಿಲವನ್ನು ಬಹುಪಾಲು ಸುಟ್ಟುಬಿಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತದೆ. ಕಾರ್ಬ್ಯುರೇಟರ್ ಇರುವ ಹಳೆಯ ಕಾರುಗಳಲ್ಲಿ ಅದಿಲ್ಲ. ಇಂಥ ಕಾರಿಗೆ ಹೊಗೆ ತಪಾಸಣೆಯ ಸರ್ಟಿಫಿಕೇಟ್ ಕೊಡುವಾಗ ನೂರಕ್ಕೆ 3 ಭಾಗದವರೆಗೆ ಈ ಅನಿಲವಿರಲು ಅವಕಾಶವಿದೆ. ಆದರೆ ಉಸಿರಾಡುವ ಗಾಳಿಯಲ್ಲಿ ಹತ್ತು ಸಾವಿರಕ್ಕೆ ಎಂಟು ಭಾಗ ಸೇರಿದರೂ ಮುಕ್ಕಾಲು ಗಂಟೆಯಲ್ಲಿ ತಲೆನೋವು, ವಾಕರಿಕೆ. ಎರಡು ಗಂಟೆಯೊಳಗೆ ಪ್ರಜ್ಞೆ ತಪ್ಪಬಹುದು. ಸರ್ಟಿಫಿಕೇಟ್ ಇದೆ ಎಂದು ಸೋರುವ ಜಾಯಿಂಟನ್ನು ಹಾಗೆಯೇ ಬಿಡುವಂತಿಲ್ಲ. ಗರ್ಭಿಣಿಯರು ಇನ್ನೂ ಜಾಗರೂಕರಾಗಿರಬೇಕು, ತಾಯಿಗೆ ಸಣ್ಣ ತಲೆನೋವಷ್ಟೇ ಎನಿಸಿದರೂ ಹೊಟ್ಟೆಯೊಳಗಿನ ಮಗುವಿಗೆ ಆಮ್ಲಜನಕ ಕಡಿಮೆಯಾಗಿರಬಹುದು.

"ಹೊಗೆ ಹಿಂದಕ್ಕೆ ತಾನೇ ಹೋಗುವುದು, ನಮಗೇನು?" ಎನ್ನುತ್ತೀರಾ? ಓಡುವ ಕಾರಿನ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ ಹೊಗೆ ಅಲ್ಲೇ ಸುಳಿಯುತ್ತದೆ. ಬಾಲದ ಪೈಪು ಬಂಪರಿನೊಳಗೇ ಮೊಟಕಾಗಿ ನಿಂತಿದ್ದರೆ ಡಿಕ್ಕಿಯ ತುಕ್ಕು ತೂತುಗಳಿಂದ, ಸವೆದ ರಬ್ಬರ್ ಬೀಡಿಂಗ್‌ನ ಸಂದಿನಿಂದ ಅದು ಒಳಗೆ ಬರುತ್ತದೆ. ಹೊಗೆ ಬಲಕ್ಕೆ ಅಥವಾ ಹಿಂದಕ್ಕೆ ಹೋಗಬೇಕು, ಎಡಕ್ಕಾಗಲಿ ಕೆಳಗಾಗಲಿ ಬಿಡಕೂಡದು ಎಂದು ನಿಯಮವೇ ಇದೆ. ನಮ್ಮಲ್ಲಿ ಎಡಬದಿಯಲ್ಲಿ ಕಾಲ್ನಡಿಗೆಯ ಜನರಿರುತ್ತಾರಲ್ಲವೇ! ಆದ್ದರಿಂದ ಪೈಪಿನ ತುದಿ ಬಾಡಿಯ ಅಂಚನ್ನು ದಾಟಿ ಹೊರಗಿರಲಿ. ಸೈಲೆನ್ಸರ್ ಬದಲಿಸುವ ದಿನವೇ ಡಿಕ್ಕಿಯ ಚಾಪೆಯನ್ನೆತ್ತಿ ತೂತುಗಳನ್ನೂ ಮುಚ್ಚಿಸಿ. ಹಾಸಿಗೆಯನ್ನೋ ಸೈಕಲನ್ನೋ ತುರುಕಿ ಡಿಕ್ಕಿಯ ಬಾಗಿಲನ್ನು ಹಗ್ಗದಿಂದ ಕಟ್ಟಿ ಅರ್ಧ ತೆರೆದು ಓಡಿಸುತ್ತೇವಲ್ಲ, ಅದರಷ್ಟು ಕೆಟ್ಟ ಅಭ್ಯಾಸ ಇನ್ನೊಂದಿಲ್ಲ.

ಪ್ರಯಾಣದಲ್ಲಿ ಮಕ್ಕಳಿಗೆ ವಾಕರಿಕೆ ಬಂದರೆ ನಾವು ನಿಂಬೆಹಣ್ಣು ಮೂಸಿಸುತ್ತೇವೆ. ಹಿಂದೆ ಕುಳಿತ ಎಲ್ಲರಿಗೂ ಒಟ್ಟಿಗೆ ತಲೆ ಭಾರವಾಗಿ, ಕೆಳಗಿಳಿದು ಗಾಳಿಗೆ ನಿಂತ ಸ್ವಲ್ಪ ಹೊತ್ತಿಗೆ ಹಗುರವಾದರೆ ಅದು ಘಾಟಿಯ ತಿರುವಿನ ಕಾಟವಲ್ಲ ಎಂದು ಸಂಶಯಪಡಿ. ಕಾರು ನಿಲ್ಲಿಸಿ, ಎಲ್ಲರೂ ಹೊರಬನ್ನಿ. ಯಾರಾದರೂ ಮಂಕಾಗಿದ್ದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ, ಬೇರೆ ವಾಹನದಲ್ಲಿ. ವೈದ್ಯರಿಗೆ ಕಾರಿನ ಹೊಗೆಯ ಸಂಶಯವಿದೆ ಎಂದು ಬಾಯಿಬಿಟ್ಟು ಹೇಳಿ. ಕೊರೋನಾ ಕಾಲದಲ್ಲಿ ಕೊಂಡ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಅನೇಕ ಮನೆಗಳಲ್ಲಿದೆ. ಅದನ್ನು ಇಲ್ಲಿ ನಂಬಬೇಡಿ. ಈ ಅನಿಲ ತುಂಬಿದ ರಕ್ತವನ್ನು ಆಮ್ಲಜನಕ ತುಂಬಿದ ರಕ್ತದಿಂದ ಬೇರ್ಪಡಿಸಿ ನೋಡಲು ಅದಕ್ಕೆ ಬರುವುದಿಲ್ಲ. ಅದು 98 ಎಂದು ತೋರಿಸಿದರೂ ಅಪಾಯ ಇದ್ದೇ ಇರಬಹುದು.

ಮಗನ ಆಸೆಯ ಮಾತು ಉಳಿಯಿತು. ಅವನನ್ನು ಗದರಬೇಡಿ, ಲೆಕ್ಕ ಹೇಳಿ. 1089 ಸಿಸಿಯ ಪದ್ಮಿನಿ ಇಂಜಿನ್‌ನ ಶಕ್ತಿ ಸುಮಾರು 40 ಅಶ್ವಶಕ್ತಿ. ಅದಕ್ಕೆ ದಪ್ಪ ಪೈಪು ಹಾಕಿದರೆ ಶಬ್ದ ಹೆಚ್ಚಾಗುತ್ತದೆಯೇ ಹೊರತು ಹೇಳಿಕೊಳ್ಳುವಂಥ ಶಕ್ತಿ ಬರುವುದಿಲ್ಲ. ಪೈಪು ಅತಿ ಅಗಲವಾದರೆ ಹೊಗೆಯ ವೇಗ ತಗ್ಗಿ, ಏರಿನಲ್ಲಿ ಎಳೆಯುವ ಬಲವೇ ಕಡಿಮೆಯಾಗಬಹುದು. ಕಾರ್ಬ್ಯುರೇಟರಿನ ಮಿಶ್ರಣವನ್ನೂ ಮತ್ತೆ ಹೊಂದಿಸಬೇಕಾಗುತ್ತದೆ. ಪ್ರತಿಯೊಂದು ವಾಹನಕ್ಕೂ ಶಬ್ದ ತಗ್ಗಿಸುವ ಸೈಲೆನ್ಸರ್ ಇರಲೇಬೇಕೆಂದು ಕಾನೂನಿದೆ. 2019ರ ತಿದ್ದುಪಡಿಯ ನಂತರ ಶಬ್ದ ಮತ್ತು ಹೊಗೆಯ ಮಿತಿ ಮೀರಿದವರಿಗೆ 10,000 ರೂಪಾಯಿವರೆಗೂ ದಂಡ ಬೀಳಬಹುದು, ಲೈಸೆನ್ಸಿಗೂ ಕುತ್ತು ಬರಬಹುದು. ಪಕ್ಕದ ಮನೆಯಲ್ಲಿ ತೊಟ್ಟಿಲ ಮಗುವೋ ಹಾಸಿಗೆ ಹಿಡಿದ ಅಜ್ಜಿಯೋ ಇರುವಾಗ ಬೆಳಗ್ಗೆ ಆರು ಗಂಟೆಗೆ ಆ ಸದ್ದು ಯಾರಿಗೆ ಬೇಕು? ಮೂಲ ಅಳತೆಯ ಪೈಪನ್ನೇ ಹೊಳೆಯುವ ಸ್ಟೀಲಿನಲ್ಲಿ ಮಾಡಿಸಿಕೊಟ್ಟರೆ ಅವನಿಗೂ ಖುಷಿಯಾದೀತು.

ಕೆಲಸ ಮುಗಿದ ದಿನ ಹಣ ಕೊಡುವ ಮುಂಚೆ ನೀವೂ ಹೋಗಿ. ಇಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ, ದಪ್ಪ ಒದ್ದೆ ಬಟ್ಟೆಯನ್ನು ಪೈಪಿನ ಬಾಯಿಗೆ ಕ್ಷಣಕಾಲ ಒತ್ತಿ ಹಿಡಿಯಲು ಮೆಕ್ಯಾನಿಕ್‌ಗೆ ಹೇಳಿ. ಅಡಿಯಲ್ಲಿ ಎಲ್ಲಾದರೂ ಬುಸ್ಸೆಂದರೆ ಅಲ್ಲಿ ಸೋರುತ್ತಿದೆ. ಈ ಪರೀಕ್ಷೆ ಬಯಲಲ್ಲೇ ಆಗಲಿ, ಮುಚ್ಚಿದ ಶೆಡ್ಡಿನಲ್ಲಿ ಎಂದೂ ಬೇಡ. ಮೊದಲ ಒಂದೆರಡು ವಾರ ಬಿಸಿಯಾಗಿ ತಣಿದು ಕ್ಲ್ಯಾಂಪುಗಳು ಸ್ವಲ್ಪ ಸಡಿಲಾಗುತ್ತವೆ. ಮತ್ತೊಮ್ಮೆ ಬಿಗಿಸಬೇಕು. ಆಗ ಜಾಯಿಂಟುಗಳ ಸುತ್ತ ಕಪ್ಪು ಮಸಿ ಕಟ್ಟಿದೆಯೇ ನೋಡಿ, ಇದ್ದರೆ ಆ ಜಾಗವನ್ನು ಬಿಚ್ಚಿ ಹೊಸದಾಗಿ ಕೂರಿಸಬೇಕು. ಹಳೆಯ ಸೈಲೆನ್ಸರನ್ನು ಕೂಡಲೇ ಗುಜರಿಗೆ ಹಾಕಬೇಡಿ. ಎಷ್ಟೇ ತೂತಾಗಿದ್ದರೂ ಬಾಗುಗಳ ಅಳತೆ ಅದರಲ್ಲೇ ಇದೆ. ಹೊಸದರಲ್ಲಿ ಏನಾದರೂ ತಿದ್ದಬೇಕಾಗಿ ಬಂದರೆ ಮೆಕ್ಯಾನಿಕ್ ಮೊದಲು ಕೇಳುವುದು ಅದನ್ನೇ.